ಬಾಬಿನ್‌ನ ಸೊಂಟಪಟ್ಟಿ

ಟೇಲರಕ್ಕ ಹೊಲಿದ ಬಟ್ಟೆ ಬಿಗಿಯಾಯಿತೆಂದು ಯಾರೂ ವಾಪಸ್ ತಂದದ್ದಿಲ್ಲ. ಆ ಬೀದಿಯಲ್ಲಿ ಈ ಮಾತನ್ನು ಅಲ್ಲಗಳೆಯುವವರಿಲ್ಲ. ಅಲ್ಲಗಳೆದರೆ ಆಕೆ ಸುಮ್ಮನೆ ಬಿಡುವವಳೂ ಅಲ್ಲ. ಶಾಲೆಯ ಸಮವಸ್ತ್ರವಿರಲಿ, ಮದುಮಗನ ಕೋಟಿರಲಿ, ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟೇ ಕತ್ತರಿಸುವುದು ಆ ಮನೆಯ ಪದ್ಧತಿ. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ಊದಿಕೊಳ್ಳುತ್ತಾರೆ. ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲಿಸಿದರೆ ಅದೇ ಬಟ್ಟೆ ಮತ್ತಷ್ಟು ಕಾಲ ಬರುತ್ತದೆ. ಕತ್ತರಿ ಹಿಡಿಯುವವಳು ಟೇಲರಕ್ಕ. ಗುಂಡಿಗೆ ಕಾಜಾ ಹಾಕಿ ಇಸ್ತ್ರಿ ಮಾಡುವವನು ಗಂಡ. ಅಂಚು ಮಡಿಸಿ ಕೈಹೊಲಿಗೆ ಹಾಕುವವರು ಅತ್ತೆ. ಸೊಸೆಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. “ಅಳತೆ ಅಳತೆಗೇ ಇರ್ಲಿ, ಮೇಲೆ ಒಂದಿಷ್ಟು ಬಿಡು” ಎಂಬುದು ಮೊದಲ ದಿನದ ಪಾಠವಾಗಿತ್ತು.

ಆ ಮನೆಯ ನಾಲ್ಕನೆಯ ಜೀವ ಬಾಬಿನ್. ಮರಿಯಾಗಿದ್ದಾಗ ಎಲ್ಲಿಂದಲೋ ಬಂದು ಮಷೀನಿನ ಕೆಳಗೆ ಸೇರಿಕೊಂಡು, ದಾರ ಸುತ್ತಿದ ಬಾಬಿನ್‌ಗಳನ್ನು ಮನೆ ತುಂಬ ಉರುಳಿಸಿದ ಬೆಕ್ಕಿಗೆ ಇನ್ನೇನು ಹೆಸರಿಟ್ಟಾರು. ಕತ್ತರಿಸುವ ಮೇಜಿನ ಮೇಲ್ಗಡೆ ಅಸ್ತರಿನ ಬಟ್ಟೆ ಮಡಿಸಿಡುವ ಹಲಗೆಯೊಂದಿದೆ. ಅದೇ ಬಾಬಿನ್‌ನ ಸಿಂಹಾಸನ. ಸ್ಟೂಲಿನಿಂದ ಮೇಜಿಗೆ, ಮೇಜಿನಿಂದ ಹಲಗೆಗೆ ಚಂಗನೆ ನೆಗೆದು, ಅಲ್ಲಿಂದ ಗಿರಾಕಿಗಳನ್ನೆಲ್ಲ ಮೇಲಿಂದ ಕೆಳಗೆ ಅಳೆಯುತ್ತಿತ್ತು. ವರ್ಷ ಕಳೆದಂತೆ ಅದು ಗುಂಡಗಾಯಿತು, ಆಮೇಲೆ ಇನ್ನೂ ಗುಂಡಗಾಯಿತು. ಈ ಬೆಕ್ಕನ್ನು ನೋಡಿದರೆ ಸಾಕು, ನಿಮ್ಮ ಕೈ ಎಷ್ಟು ಧಾರಾಳ ಅಂತ ತಿಳಿಯುತ್ತದೆ ಎಂದು ಬಂದವರು ಹೇಳುವರು. ಟೇಲರಕ್ಕ ಬೀಗುವಳು.

ಒಂದು ಮಧ್ಯಾಹ್ನ ಬಾಬಿನ್ ಹಲಗೆಗೆ ನೆಗೆದು, ಮುಂಗಾಲು ತಾಗಿಸಿ, ಹಿಂಗಾಲು ತಾಗಿಸಲಾರದೆ, ಸೀಮೆಸುಣ್ಣದ ಡಬ್ಬಿಯ ಸಮೇತ ದೊಪ್ಪನೆ ನೆಲಕ್ಕೆ ಬಿತ್ತು. ಬಿದ್ದದ್ದು ತಾನಲ್ಲವೇ ಅಲ್ಲ ಎಂಬಂತೆ ಪಂಜ ನೆಕ್ಕುತ್ತ ಕೂತಿತು. ಗಂಡ ನಕ್ಕ. ಟೇಲರಕ್ಕನಿಗೆ ನಗು ಬರಲಿಲ್ಲ, ಬೆಕ್ಕಿನ ಏದುಸಿರು ಕೇಳಿಸುತ್ತಿತ್ತು. ಎತ್ತಿಕೊಂಡು ನೋಡಿದರೆ ಬೆನ್ನಿನ ಕೂದಲು ಗಂಟುಗಂಟಾಗಿತ್ತು. ಪಾಪ, ಅದಕ್ಕೆ ತನ್ನ ಬೆನ್ನನ್ನು ತಾನೇ ನೆಕ್ಕಿಕೊಳ್ಳಲೂ ಆಗುತ್ತಿರಲಿಲ್ಲ.

ಪ್ರಾಣಿಗಳ ಡಾಕ್ಟರಮ್ಮ ಬೆಕ್ಕಿನ ಪಕ್ಕೆ ತಡವಿ, ಎಲುಬು ಕೈಗೆ ಸಿಗದೆ ಹುಡುಕಾಡಿದರು. ತೂಕ ನೋಡಿದರು, ರಕ್ತ ಪರೀಕ್ಷಿಸಿದರು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎಂದರು. ಹಾಲು ಬೇಡ, ಬಿಸ್ಕತ್ತು ಬೇಡ. ಬೆಕ್ಕು ಮಾಂಸ ತಿನ್ನುವ ಪ್ರಾಣಿ, ಅದರ ಹೊಟ್ಟೆಗೆ ಸಲ್ಲುವುದನ್ನೇ ಕೊಡಿ. ನಾನು ಬರೆದುಕೊಡುವ ಆಹಾರವನ್ನು ಹಳೆಯದರ ಜೊತೆ ದಿನದಿನಕ್ಕೆ ಸ್ವಲ್ಪ ಹೆಚ್ಚಾಗಿ ಬೆರೆಸುತ್ತ ರೂಢಿ ಮಾಡಿಸಿ. ಮೂರು ಹೊತ್ತು, ದಿನವೂ ಅದೇ ವೇಳೆಗೆ, ಈ ಲೋಟದಲ್ಲಿ ಮಟ್ಟಸವಾಗಿ ಒಂದೊಂದು ಅಳತೆ. ತಿಂದಾದ ಮೇಲೆ ಬಟ್ಟಲು ಎತ್ತಿಡಿ, ನೀರು ಮಾತ್ರ ಸದಾ ಇರಲಿ. ಹಾಗಂತ ಉಪವಾಸ ಕೆಡವಬೇಡಿ, ದಪ್ಪ ಬೆಕ್ಕು ಊಟ ಬಿಟ್ಟರೆ ಪಿತ್ತಜನಕಾಂಗ ಕೆಡುತ್ತದೆ. ಇಷ್ಟು ಹೇಳಿ ಕೊನೆಗೊಂದು ಮಾತು ಸೇರಿಸಿದರು: “ಮೂರು ತಿಂಗಳಾದ ಮೇಲೆ ಬರೋವಾಗ ಮೈ ಇಳಿದಿರಬೇಕು. ಇಲ್ಲಾಂದ್ರೆ ದಿನಾ ಇದಕ್ಕೆ ನೀವೇ ಇಂಜೆಕ್ಷನ್ ಕೊಡಬೇಕಾಗತ್ತೆ.” ಬೆಳಗಿಂದ ಸಂಜೆವರೆಗೆ ಸೂಜಿ ಹಿಡಿಯುವ ಟೇಲರಕ್ಕ ಸೂಜಿಯ ಹೆಸರು ಕೇಳಿದ್ದೇ ಬೆಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮನೆಯಲ್ಲಿ ಪಾಳಿ ಹಂಚಿಕೆಯಾಯಿತು. ಬೆಳಗ್ಗೆ ಟೇಲರಕ್ಕ, ಮಧ್ಯಾಹ್ನ ಅತ್ತೆ, ಸಂಜೆ ಗಂಡ. ಬೆಕ್ಕು ಇಳಿಯುವುದನ್ನು ಕಣ್ಣಾರೆ ಕಾಣಬೇಕೆಂದು ಟೇಲರಕ್ಕ ಪ್ಯಾಂಟಿನ ಪಟ್ಟಿಯ ತುಂಡೊಂದನ್ನು ತೆಗೆದು, ಒಂದು ತುದಿಗೆ ಹುಕ್ಕು, ಉದ್ದಕ್ಕೂ ಸಾಲಾಗಿ ಕೊಂಡಿ ಹೊಲಿದು ಸೊಂಟಪಟ್ಟಿ ಮಾಡಿದಳು. ವಾರಕ್ಕೊಮ್ಮೆ ಬಾಬಿನ್‌ಗೆ ಟ್ರಯಲ್. ಅದು ಕಿವಿ ಮಡಿಚಿ, ಜಗತ್ತಿನ ಅನ್ಯಾಯವೆಲ್ಲ ತನಗೇ ಆದಂತೆ ನಿಲ್ಲುವುದು. ಹುಕ್ಕು ಕಡೆಯ ಕೊಂಡಿಗೆ ಸಿಕ್ಕಿತು. ಮುಂದಿನ ವಾರವೂ ಅಲ್ಲಿಗೇ ಸಿಕ್ಕಿತು. ಅದರ ಮುಂದಿನ ವಾರವೂ ಅಷ್ಟೇ.

ಡಾಕ್ಟರಮ್ಮ ಕೊಟ್ಟ ಗಡುವಿನ ವಾರಗಳು ಹೀಗೇ ಕಳೆಯುತ್ತಿದ್ದವು. ಯಾರೋ ಕದ್ದುಮುಚ್ಚಿ ತಿನ್ನಿಸುತ್ತಿದ್ದಾರೆ ಎಂಬುದು ಟೇಲರಕ್ಕನ ತೀರ್ಮಾನ. ಎದುರು ಮನೆಯವರನ್ನು ಕೇಳಿ ಮಂಗಳಾರತಿ ಮಾಡಿಸಿಕೊಂಡಳು. ಕಿಟಕಿ ಮುಚ್ಚಿಸಿ ಬೆಕ್ಕು ಹೊರಗೆ ಕಾಲಿಡದಂತೆ ನೋಡಿಕೊಂಡಳು. ಆಮೇಲೆ ಅನುಮಾನ ಮನೆಯೊಳಕ್ಕೇ ಬಂತು. ಗಂಡನ ಜೇಬಿನಲ್ಲಿ ಬಿಸ್ಕತ್ತಿನ ಚೂರು ಹುಡುಕಿದಳು, ಅತ್ತೆಯ ಹಾಲಿನ ಲೋಟ ಮೂಸಿದಳು. ಅತ್ತೆ ಮುಖ ಊದಿಸಿಕೊಂಡರು. ಮೂವರೂ ಮಾತು ಬಿಟ್ಟು, ಆ ಮನೆಯಲ್ಲಿ ಮಷೀನಿನ ಸದ್ದೊಂದೇ ಉಳಿಯಿತು.

ಆಗಲೇ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಟೀಚರ್ ಮಗನ ಚಡ್ಡಿ ಒಯ್ಯಲು ಬಂದು, ಒಳಗೆ ಬಟ್ಟೆ ಬಿಟ್ಟಿದ್ದೀರಿ ತಾನೆ ಎಂದು ಕೇಳಿದರು. ಬಿಡದೆ ಕತ್ತರಿಸಿದ ಕೈಯೇ ಅಲ್ಲ ಇದು ಎಂದು ಟೇಲರಕ್ಕ ಜಂಬದಿಂದ ಹೊಲಿಗೆ ತಿರುಗಿಸಿ ತೋರಿಸಿದಳು. ತೋರಿಸುತ್ತಲೇ ಕಣ್ಣು ಮೂಲೆಗೆ ಹರಿಯಿತು. ಅಲ್ಲಿ ಅತ್ತೆ ಬಾಬಿನ್‌ಗೆ ಬಡಿಸುತ್ತಿದ್ದರು. ಲೋಟವನ್ನು ಮಟ್ಟಸವಾಗಿ ತುಂಬಿದರು. ತುಂಬಿ, ಮೇಲೆ ಒಂದು ಚಿಟಿಕೆ ಉದುರಿಸಿದರು. ಕೈ ತನ್ನಷ್ಟಕ್ಕೆ ಇನ್ನೊಂದು ಚಿಟಿಕೆ ಹಾಕಿತು.

ಟೀಚರ್ ಹೋದದ್ದೇ ತಡ, ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳಲು ಟೇಲರಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಬೆಳಗ್ಗೆ ತಾನು ಲೋಟ ತುಂಬಿದ್ದು ನೆನಪಾಯಿತು. ತುಂಬಿ, ಇರಲಿ ಎಂದು ಮೇಲೊಂದಿಷ್ಟು ಹಾಕಿದ್ದೂ ನೆನಪಾಯಿತು. ನೀನು ಹೇಗೆ ಅಳೆಯುತ್ತೀಯ ಎಂದು ಗಂಡನನ್ನು ಕೇಳಿದಳು. ಅವನು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ಹೇಳಿದ: “ಅಳತೆಗೆ ಸರಿಯಾಗೇ ಹಾಕ್ತೀನಪ್ಪ. ಮೇಲೆ ಒಂದಿಷ್ಟು ಬಿಡಬೇಕಲ್ವಾ, ಬಿಡ್ತೀನಿ.”

ಅತ್ತೆ ಲೋಟ ಕೆಳಗಿಟ್ಟು ಬೆಕ್ಕನ್ನು ನೋಡಿದರು. “ಮೂರು ಜನಾನೂ ಮೂರು ಹೊತ್ತೂ ಒಳಗೆ ಬಟ್ಟೆ ಬಿಟ್ಟು ಬಿಟ್ಟು, ಬೆಕ್ಕನ್ನ ಓವರ್‌ಕೋಟ್ ಮಾಡಿಬಿಟ್ವಲ್ಲೇ” ಎಂದರು. ಮಾತು ಬಿಟ್ಟಿದ್ದ ಮನೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಬಾಬಿನ್ ಮಾತ್ರ ನಗಲಿಲ್ಲ. ಅದಕ್ಕೆ ಮುಂದಾಗುವುದು ಗೊತ್ತಾಗಿತ್ತೋ ಏನೋ.

ಅಂದಿನಿಂದ ಲೋಟದ ಪಕ್ಕ ಟೇಲರಕ್ಕನ ಮರದ ಅಡಿಕೋಲು ಬಂದು ಕೂತಿತು. ತುಂಬಿದ ಮೇಲೆ ಲೋಟದ ಬಾಯಿಗೆ ಅಡಿಕೋಲು ಎಳೆಯಬೇಕು, ಉದುರಿದ್ದು ಮರಳಿ ಡಬ್ಬಿಗೆ ಸೇರಬೇಕು. ಮೂವರಿಗೂ ಒಂದೇ ನಿಯಮ. ಹೇಳಿದಷ್ಟು ಸುಲಭವಾಗಿರಲಿಲ್ಲ. ಬಾಬಿನ್ ಡಬ್ಬಿಯ ಮುಂದೆ ಕೂತು ರಾಗ ತೆಗೆಯಿತು, ಸೀಮೆಸುಣ್ಣದ ಗೆರೆ ಎಳೆದ ಬಟ್ಟೆಯ ಮೇಲೆ ಬೇಕೆಂದೇ ಮಲಗಿ ಮುಷ್ಕರ ಹೂಡಿತು. ಒಂದೆರಡು ಸಲ ಟೇಲರಕ್ಕನ ಕೈ ಡಬ್ಬಿಯವರೆಗೂ ಹೋಗಿ, ಇಂಜೆಕ್ಷನ್ ನೆನಪಾಗಿ ಹಿಂದೆ ಬಂತು. ಊಟಕ್ಕೆ ಮುಂಚೆ ಗಂಡ ದಾರಕ್ಕೆ ಬಟ್ಟೆ ಚೂರು ಕಟ್ಟಿ ಮನೆ ತುಂಬ ಎಳೆದಾಡಿ ಬೆಕ್ಕನ್ನು ಓಡಿಸಿದ. ಓಡಿದ್ದರಲ್ಲಿ ಯಾರು ಹೆಚ್ಚು ಇಳಿದರೆಂದು ಹೇಳುವುದು ಕಷ್ಟ.

ಒಂದು ವಾರ ಹುಕ್ಕು ಕಡೆಯ ಕೊಂಡಿ ಬಿಟ್ಟು ಅದರ ಒಳಗಿನ ಕೊಂಡಿಗೆ ಸರಿಯಿತು. ಟೇಲರಕ್ಕ ಮಷೀನು ನಿಲ್ಲಿಸಿ, ಅತ್ತೆಯನ್ನು ಕರೆದು ತೋರಿಸಿದಳು. ಆಮೇಲೆ ಇನ್ನೊಂದು ಕೊಂಡಿ, ಮತ್ತೊಂದು. ಪರೀಕ್ಷೆಯ ದಿನ ಡಾಕ್ಟರಮ್ಮ ಪಕ್ಕೆ ತಡವಿದರೆ ಎಲುಬು ಕೈಗೆ ಸಿಕ್ಕಿತು. ರಕ್ತ ನೋಡಿದರು, ಇಂಜೆಕ್ಷನ್ನಿನ ಮಾತೇ ಬೇಡ ಎಂದರು. ಇದೇ ಅಳತೆ, ಇದೇ ವೇಳೆ ತಪ್ಪಿಸಬೇಡಿ ಎಂದರು. ಟೇಲರಕ್ಕ ದಾರಿಯುದ್ದಕ್ಕೂ ಬುಟ್ಟಿಯನ್ನು ಎದೆಗವಚಿಕೊಂಡು ನಡೆದಳು. ಎದುರು ಬಂದವರಿಗೆಲ್ಲ, ಕೇಳಲಿ ಬಿಡಲಿ, ಸುದ್ದಿ ಹೇಳಿದಳು. ಮದುಮಗನ ಕೋಟು ಹೊಲಿದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಮನೆಗೆ ಬಂದು ಬುಟ್ಟಿ ತೆರೆದರೆ ಬಾಬಿನ್ ಮೈ ಮುರಿದು, ಸ್ಟೂಲು ಹತ್ತಿ, ಮೇಜಿಗೆ ನೆಗೆದು, ಅಲ್ಲಿಂದ ಹಲಗೆಗೆ ಚಂಗನೆ ಹಾರಿತು. ನಾಲ್ಕೂ ಕಾಲು ಹಲಗೆಯ ಮೇಲಿದ್ದವು. ಟೇಲರಕ್ಕನ ಕಣ್ಣು ತುಂಬಿತು, ಅದನ್ನು ಮುಚ್ಚಿಡುವ ಗೋಜಿಗೆ ಆಕೆ ಹೋಗಲಿಲ್ಲ.

ಆ ಸಂಜೆ ಸೊಂಟಪಟ್ಟಿ ಕೈಗೆತ್ತಿಕೊಂಡಳು. ಈಗಿನ ಕೊಂಡಿಯಿಂದಾಚೆ ನಾಲ್ಕು ಬೆರಳಿನಷ್ಟು ಪಟ್ಟಿ ಜೋತಾಡುತ್ತಿತ್ತು. ಕತ್ತರಿಯ ಬಾಯಿಯನ್ನು ಕೊಂಡಿಯ ಪಕ್ಕಕ್ಕೇ ಹಿಡಿದಳು.

“ಸ್ವಲ್ಪ ಬಿಡೇ” ಎಂದರು ಅತ್ತೆ, “ಮುಂದೆ ಮತ್ತೆ ದಪ್ಪ ಆದ್ರೆ?”

“ಆಗೋಕೆ ನಾನು ಬಿಡಲ್ಲ ಅತ್ತೆ” ಎಂದು ಟೇಲರಕ್ಕ, ಜೀವಮಾನದಲ್ಲಿ ಮೊದಲ ಬಾರಿ, ಒಂದೆಳೆಯನ್ನೂ ಬಿಡದೆ ಅಳತೆಗೆ ಸರಿಯಾಗಿ ಕತ್ತರಿಸಿದಳು.