ಡಬ್ಬಿಯ ತಲೆಯ ಮೇಲಿಟ್ಟ ಮತ

ರಾಯಚೂರಿನಿಂದ ಹೊರಟ ಬಸ್ಸು ಊರು ದಾಟುವ ಮೊದಲೇ ಎರಡು ಸಲ ನಿಂತಿತು. ಒಮ್ಮೆ ನೀರಿಗೆ, ಇನ್ನೊಮ್ಮೆ ಡ್ರೈವರನ ಬೀಡಿಗೆ. ಚಳಿಗಾಲದ ಬೆಳಗು. ಕಿಟಕಿಗೆ ಗಾಜಿರಲಿಲ್ಲ. ನಾನು ಶಾಲಿನೊಳಗೆ ಮುದುಡಿ ಕೂತು, ವಕೀಲರ ಕೋಣೆಯಲ್ಲಿ ಬಾಯಿ ಸುಮ್ಮನಿಟ್ಟುಕೊಂಡಿದ್ದರೆ ಮನೆಯಲ್ಲೇ ಬಿಸಿ ಚಹಾ ಕುಡಿಯುತ್ತಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಆಗಿದ್ದಿಷ್ಟು. 1962ರ ಚುನಾವಣೆಗೆ ಮತ ಹಾಕುವ ರೀತಿ ಬದಲಾಗಿತ್ತು. ಅದಕ್ಕೆ ಮುಂಚೆ ಪರದೆಯ ಹಿಂದೆ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಡಬ್ಬಿ ಇಡುತ್ತಿದ್ದರು. ಡಬ್ಬಿಗೆ ಅವನ ಗುರುತು ಅಂಟಿಸಿರುತ್ತಿತ್ತು. ಬೇಕಾದ ಡಬ್ಬಿಗೆ ಚೀಟಿ ಹಾಕಿ ಬರುವುದು. ಇನ್ನು ಮುಂದೆ ಹಾಗಲ್ಲ. ಚೀಟಿಯಲ್ಲೇ ಎಲ್ಲರ ಗುರುತು, ಬೇಕಾದ ಗುರುತಿನ ಮೇಲೆ ಶಿಕ್ಕೆ ಒತ್ತಿ, ಅಧಿಕಾರಿಯ ಕಣ್ಣೆದುರಿನ ಒಂದೇ ಡಬ್ಬಿಗೆ ಹಾಕಬೇಕು. ಈ ಕಾನೂನನ್ನು ನಾನು ಅರ್ಧ ಗಂಟೆ ಹೊಗಳಿದ್ದೆ. ನಮ್ಮ ಹಿರಿಯ ವಕೀಲರೊಬ್ಬರು ಕನ್ನಡಕದ ಮೇಲಿನಿಂದ ನೋಡಿ, "ಹಳ್ಳಿಗೆ ಹೋಗಿ ನೋಡಿ ಬಂದು ಮಾತಾಡಪ್ಪಾ" ಅಂದರು. ತುರ್ವಿಹಾಳದ ಆಚೆ ಮಾಸ್ತರನಾಗಿದ್ದ ನನ್ನ ಶಾಲೆಯ ಗೆಳೆಯ ವಿರುಪಣ್ಣನಿಗೆ ಒಂದು ಕಾರ್ಡು ಹಾಕಿ ಹೊರಟೆ.

ಲಿಂಗಸುಗೂರು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಪುಂಡಿಪಲ್ಯದ ಹುಳಿಗೆ ಬಸ್ಸಿನ ಸಿಟ್ಟೆಲ್ಲ ಇಳಿಯಿತು. ತಾಲೂಕು ಕಚೇರಿಯ ಹಿಂದಿನ ಅಂಗಳದಲ್ಲಿ ಗುಮಾಸ್ತರು ಡಬ್ಬಿಗಳ ಧೂಳು ಒರೆಸಿ, ಬಾಯಿ ಮುಚ್ಚುವುದನ್ನೂ ಸೀಲಿನ ಕಾಗದ ಸಿಗಿಸುವುದನ್ನೂ ಕಲಿಯುತ್ತಿದ್ದರು. ಒಬ್ಬನ ಬೆರಳು ಮುಚ್ಚಳಕ್ಕೆ ಸಿಕ್ಕಿ ಎಲ್ಲರೂ ನಕ್ಕರು. ಊಟ ಚೆನ್ನಾಗಿದ್ದುದರಿಂದಲೋ ಏನೋ, ದೇಶ ಸುಭದ್ರವಾಗಿದೆ ಎಂದು ನನಗೂ ಅನಿಸಿತು.

ರಾತ್ರಿ ಅಲ್ಲೇ ತಂಗಿದ್ದು, ಮರುದಿನ ಬೆಳಿಗ್ಗೆ ಮಸ್ಕಿಯಲ್ಲಿ ಬಸ್ಸು ನಿಂತಾಗ ಮಂಡಾಳು ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ತಿಂದೆ. ಅಲ್ಲಿ ಬಳೆಯ ಗಂಟು ಹೊತ್ತು ಹತ್ತಿದ ಖಾಜಾಸಾಬರು ನನ್ನ ಪಕ್ಕದಲ್ಲೇ ಕೂತರು. ಹೊಸ ಕಾಯ್ದೆಯ ಮಾತು ತೆಗೆದೆ.

"ಚಲೋ ಆತ್ರೀ. ಹೋದ ಸಲ ಪರದಾದ ಹಿಂದ ಏನು ನಡೀತಿತ್ತು, ಅಲ್ಲಾಗೇ ಗೊತ್ತು. ಒಬ್ಬಾಂವ ಚೀಟಿ ಡಬ್ಬಿಗೆ ಹಾಕಲಾರದ ರುಮಾಲಿನ್ಯಾಗ ಸಿಗಿಸಿಕೊಂಡು ಹೊರಗ ಬಂದ. ಮಗ್ಗಲದಾಂವ ಅದನ್ನೂ ತನ್ನದನ್ನೂ ಕೂಡೇ ಹಾಕಿದ. ಯಾರು ನೋಡ್ಯಾರ?" ಅಂದರು.

"ಇನ್ನು ಮುಂದ ಅದು ಆಗಂಗಿಲ್ಲ" ಅಂದೆ, ಕಾನೂನು ನಾನೇ ಬರೆದವನಂತೆ.

ಮಸ್ಕಿಯಿಂದ ಸಿಂಧನೂರಿಗೆ ಹದಿನೇಳು ಮೈಲಿ ಎನ್ನುತ್ತಾರೆ. ಸಿಂಧನೂರು ಹತ್ತಿರವಾದಂತೆ ಕಪ್ಪು ಎರಿಮಣ್ಣಿನ ಹೊಲದ ಬಿಳಿಜೋಳ ಹಿಂದೆ ಸರಿದು, ನೀರು ನಿಂತ ಗದ್ದೆಗಳೂ ಆಂಧ್ರದಿಂದ ಬಂದವರ ಹುಲ್ಲಿನ ಕ್ಯಾಂಪುಗಳೂ ಕಾಣಿಸಿದವು. ಹೋಟೆಲಿನಲ್ಲಿ ರೊಟ್ಟಿ ಕೇಳಿದರೆ ಅನ್ನ ತಂದಿಟ್ಟರು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತುರ್ವಿಹಾಳ. ವಿರುಪಣ್ಣ ಎತ್ತಿನ ಗಾಡಿ ಕಟ್ಟಿಕೊಂಡು ಕಾದಿದ್ದ. ಅವನ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆಂಬುದು ಓದಿದರೆ ತಿಳಿಯುತ್ತದೆ.

ಗಾಡಿ ಕಾಲುವೆಯ ಏರಿಯ ಮೇಲೆ ಸಾಗಿತು. ಕಾಲುವೆ ತೋಡಿದಾಗ ಆ ಊರಿನ ಸಿಹಿನೀರಿನ ಬಾವಿ ಅದರ ಆಚೆ ಉಳಿದುಬಿಟ್ಟಿತ್ತು. ಎದುರಿಗೇ ಕಾಣುವ ಬಾವಿಗೆ ಹೆಂಗಸರು ಕೊಡ ಹೊತ್ತು ದೂರದ ಸೇತುವೆ ಬಳಸಿ ಹೋಗುತ್ತಿದ್ದರು. ಹಿಂದಿನ ಚುನಾವಣೆಯಲ್ಲಿ ಏಣಿ ಗುರುತಿನ ಉಮೇದುವಾರ ಅಲ್ಲೊಂದು ಕಾಲುಸಂಕ ಹಾಕಿಸುತ್ತೇನೆ ಎಂದಿದ್ದನಂತೆ. ಮೇಲೋಣಿಯ ನಿಂಗವ್ವ, ಕೆಳಗೋಣಿಯ ಹನಮವ್ವ ಇಬ್ಬರೂ ತಮ್ಮ ಓಣಿಯ ಹೆಂಗಸರನ್ನು ಕೂಡಿಸಿ, ದೇವರ ಅರಿಶಿನದ ಭಂಡಾರ ಮುಟ್ಟಿಸಿ, ಏಣಿಗೇ ಹಾಕುವುದೆಂದು ಆಣೆ ಮಾಡಿಸಿದ್ದರು. ಅವರಿಬ್ಬರೂ ಮಸ್ಕಿಯವರು, ಒಂದೇ ಗಾಡಿಯಲ್ಲಿ ಸೊಸೆಯರಾಗಿ ಆ ಊರಿಗೆ ಬಂದವರು.

"ಎಣಿಸಿದಾಗ ನಮ್ಮೂರ ಏಣಿ ಡಬ್ಬಿಯೊಳಗ ಆಣಿ ಮಾಡಿದವರ ಅರ್ಧದಷ್ಟೂ ಚೀಟಿ ಇರಲಿಲ್ಲ" ಅಂದ ವಿರುಪಣ್ಣ. ಆಗ ಒಂದೊಂದು ಊರಿನ ಡಬ್ಬಿಗಳನ್ನು ಬೇರೆಬೇರೆಯಾಗಿಯೇ ಎಣಿಸುತ್ತಿದ್ದರಿಂದ ಸುದ್ದಿ ಸಂಜೆಯೊಳಗೆ ಊರಿಗೆ ಬಂದಿತ್ತು. "ಭಂಡಾರ ಮುಟ್ಟಿ ಸುಳ್ಳಾಡಿದಾಕಿ ಅಂತ ನಿಂಗವ್ವ ಹನಮವ್ವನ ಮನಿ ಮುಂದ ನಿಂತು ಅಂದುಬಿಟ್ಟಳು. ಅವತ್ತಿಂದ ಆ ಮನಿ ನೀರು ಮುಟ್ಟಲಿಲ್ಲ. ಹೋದ ವರ್ಷ ಹನಮವ್ವ ತೀರಿಕೊಂಡಳು. ನಿಂಗವ್ವ ಮಣ್ಣು ಕೊಡಾಕೂ ಹೋಗಲಿಲ್ಲ."

ಗಾಡಿ ಸ್ವಲ್ಪ ದೂರ ಸಾಗಿತು. ಆಮೇಲೆ ಅವನು ಎತ್ತು ನಿಲ್ಲಿಸಿ ನನ್ನ ಮುಖ ನೋಡಿದ.

"ನೀ ವಕೀಲ ಇದ್ದಿ, ಒಂದು ಕೇಳ್ತೀನಿ. ಹೋದ ಸಲ ಮಂದಿ ಸಾಲದ ನನ್ನೂ ನಮ್ಮ ಸಾಲ್ಯಾಗ ಮತದಾನದ ಕೆಲಸಕ್ಕ ಕೂಡಿಸಿದ್ರು. ಮತ ಹಾಕೂತನಕ ಪರದಾ ದಾಟಂಗಿಲ್ಲ ಅಂದಿದ್ರು. ಸಂಜಿಗೆ ಸೀಲು ಮಾಡಾಕ ಒಳಗ ಹೋದ್ರ, ಏಣಿ ಡಬ್ಬಿ ತಲಿ ಮ್ಯಾಲ ಚೀಟಿ ಒಟ್ಟಿ ಇಟ್ಟಾರ. ಒಂದೊಂದಕ್ಕೂ ಕುಂಕುಮ, ಮ್ಯಾಲ ಚೆಂಡುಹೂವು. ದೇವರಿಗೆ ಕೊಟ್ಟಿದ್ದನ್ನ ದೇವರ ಮುಂದ ಇಡತಾರ, ಸಂದಿಯೊಳಗ ತುರುಕಂಗಿಲ್ಲ, ಹೌದಿಲ್ಲೋ? ಮೊದಲನೇಕಿ ಹಂಗ ಇಟ್ಟಳು, ಹಿಂದಿನವರು ಅದನ್ನ ನೋಡಿ ಇಟ್ಟರು. ದೊಡ್ಡ ಅಧಿಕಾರಿ, ಹೊರಗ ಸಿಕ್ಕ ಚೀಟಿ ರದ್ದು ಅಂತ ಲಕೋಟಿಗೆ ಹಾಕಿ ಅರಗು ಒತ್ತಿದರು."

"ಅದು ಸರಿಯೇ. ಮ್ಯಾಲಿಟ್ಟ ಚೀಟಿ ಯಾರಾರ ಎತ್ತಿ ಬ್ಯಾರೆ ಡಬ್ಬಿಗೆ ಹಾಕಬಹುದು" ಅಂದೆ.

"ಸರಿ ಇರಲಿ. ಅದನ್ನ ಊರಾಗ ಹೇಳಬಹುದಿತ್ತೇನು? ಗುಟ್ಟು ಬಿಡಂಗಿಲ್ಲ ಅಂತ ನನ್ನ ಕಡೆ ಸಹಿ ಮಾಡಿಸಿಕೊಂಡಿದ್ರು. ಜೈಲು ಅಂದಿದ್ರು. ನಾ ಯಾರ ಮುಂದನೂ ಬಾಯಿ ಬಿಟ್ಟಿಲ್ಲ."

ನನಗೆ ಸುಳ್ಳು ಹೇಳುವ ಆಸೆಯಾಯಿತು. ಹೇಳಲಾಗಲಿಲ್ಲ. "ಯಾರು ಯಾರಿಗೆ ಹಾಕಿದರು ಅನ್ನೋದು ಗುಟ್ಟು, ವಿರುಪಣ್ಣಾ. ಮ್ಯಾಲಿಟ್ಟ ಚೀಟಿ ಎಣಿಸಂಗಿಲ್ಲ, ಅಂಥವು ಸಿಕ್ಕಿದ್ವು ಅನ್ನೋದು ಗುಟ್ಟಲ್ಲ. ಅಷ್ಟು ಹೇಳಾಕ ಅವತ್ತೂ ಅಡ್ಡಿ ಇರಲಿಲ್ಲ."

ಅವನು ಗಾಡಿಯಿಂದ ಇಳಿದು ಏರಿಯ ಮೇಲೆ ಕೂತುಬಿಟ್ಟ. ಎತ್ತುಗಳು ತಮ್ಮಷ್ಟಕ್ಕೆ ಹುಲ್ಲಿಗೆ ಬಾಯಿ ಹಾಕಿದವು. ಅವನನ್ನು ಏನೆಂದು ಬೈಯಲಿ? ಕಾನೂನನ್ನು ನನಗಿಂತ ಹೆಚ್ಚು ನಂಬಿದವನು ಅವನು. ಸಹಿ ಮಾಡಿಸಿಕೊಂಡವರಲ್ಲಿ ಒಬ್ಬನಾದರೂ ಎರಡು ಮಾತು ಬಿಡಿಸಿ ಹೇಳಿದ್ದರೆ ಸಾಕಿತ್ತು. ನನಗೆ ತುಂಬಾ ಕೆಡುಕೆನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಶಾಲೆಯ ಮುಂದೆ ಊರವರಿಗೆ ಮತ ಹಾಕುವ ಹೊಸ ರೀತಿಯನ್ನು ತೋರಿಸುವುದಿತ್ತು. ವಿರುಪಣ್ಣ ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಿದ್ದ. ಹೆಂಗಸರ ಮುಂದೆ ನಿಂಗವ್ವ ಬಂದಳು. ಹಣೆತುಂಬ ವಿಭೂತಿಯ, ನೆಟ್ಟಗೆ ನಡೆಯುವ ಮುದುಕಿ. ಸೆರಗಿನ ಗಂಟಿನಲ್ಲಿ ಚೆಂಡುಹೂವು ಇತ್ತು. ಮಾದರಿ ಚೀಟಿಗೆ ಶಿಕ್ಕೆ ಒತ್ತಿದಳು, ಡಬ್ಬಿಯ ತಲೆಯ ಮೇಲಿಟ್ಟಳು, ಅದರ ಮೇಲೆ ಹೂವಿಟ್ಟು ಕೈಮುಗಿದಳು.

"ಯವ್ವಾ, ಒಳಗ ಹಾಕಬೇಕು" ಅಂದ ವಿರುಪಣ್ಣ.

"ಹೋದ ಸಲಾನೂ ಹಿಂಗ ಇಟ್ಟಿದ್ವಲ್ಲೋ, ನಮ್ಮ ಓಣಿಯವರೆಲ್ಲ."

"ಮ್ಯಾಲಿಟ್ಟಿದ್ದು ಎಣಿಕಿಗೆ ಬರಂಗಿಲ್ಲ ಯವ್ವಾ. ಹೋದ ಸಲಾನೂ ಬಂದಿಲ್ಲ. ಅವನ್ನೆಲ್ಲ ರದ್ದು ಮಾಡ್ಯಾರ. ನಾ ಕಂಡೀನಿ. ಹೇಳಬಾರದು ಅಂತ ತಿಳದು ಸುಮ್ಮನಿದ್ದೆ."

ನಿಂಗವ್ವ ಹೂವನ್ನು ಎತ್ತಿಕೊಂಡಳು. ಹಿಂದೆ ನಿಂತಿದ್ದ ತನ್ನ ಓಣಿಯವರನ್ನು ನೋಡಿದಳು. ಅವಳು ಅತ್ತಿದ್ದರೆ, ಅಥವಾ ಮಾಸ್ತರನನ್ನು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

"ಹಂಗಾರ ಡಬ್ಬಿಯೊಳಗ ಇದ್ದಿದ್ದು ಯಾರವು?" ಅಂದಳು.

ಅದನ್ನು ಯಾರೂ ಹೇಳುವಂತಿರಲಿಲ್ಲ. ಅದು ನಿಜವಾಗಿಯೂ ಗುಟ್ಟು. ಹೇಳುವ ಅಗತ್ಯವೂ ಇರಲಿಲ್ಲ; ಮೇಲೋಣಿಯವು ಹೊರಗುಳಿದಿದ್ದರೆ ಒಳಗಿನವು ಯಾರವೆಂದು ಅವಳಿಗೇ ಹೊಳೆದಿತ್ತು. ಅವಳು ಕೆಳಗೋಣಿಯ ಕಡೆ ನಡೆದಳು. ನಾನೂ ವಿರುಪಣ್ಣನೂ ಹಿಂದೆ ಹೋದೆವು.

ಹನಮವ್ವನ ಸೊಸೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂಗವ್ವನನ್ನು ಕಂಡು ಮೊರ ಕೆಳಗಿಟ್ಟು ಎದ್ದಳು.

"ಕುಡಿಯಾಕ ನೀರು ಕೊಡ ಮಗಳ" ಅಂದಳು ನಿಂಗವ್ವ.

ಸೊಸೆ ತಂಬಿಗೆ ತಂದು ಕೊಟ್ಟಳು. ಮುದುಕಿ ಹೊಸ್ತಿಲ ಮೇಲೆ ಕೂತು ಪೂರ್ತಿ ಕುಡಿದಳು. ಬರಿದಾದ ತಂಬಿಗೆಯನ್ನು ತೆಗೆದುಕೊಳ್ಳುತ್ತಾ ಸೊಸೆ ಮೆಲ್ಲಗೆ ಅಂದಳು:

"ನಮ್ಮತ್ತಿ ದಿನಾ ಈ ತಂಬಿಗಿ ತುಂಬಿಸಿ ಬಾಗಿಲ ಮಗ್ಗಲಕ ಇಡತಿದ್ದಳು. ನಿಂಗಿ ಇವತ್ತು ಬರತಾಳ ಅಂತಿದ್ದಳು."

ಮರುದಿನ ಬೆಳಿಗ್ಗೆ ಗಾಡಿ ಏರಿ ಹೊರಟೆ. ಚಳಿಗೆ ಕಾಲುವೆಯ ನೀರಿನಿಂದ ಹೊಗೆಯೇಳುತ್ತಿತ್ತು. ರಾಯಚೂರಿಗೆ ಹೋಗಿ ಏನು ಹೇಳುವುದೆಂದು ಯೋಚಿಸಿದೆ. ಹೊಸ ಕಾನೂನು ಒಳ್ಳೆಯದೇ. ಖಾಜಾಸಾಬರು ಹೇಳಿದ ಮೋಸ ಅದರಿಂದ ನಿಲ್ಲುತ್ತದೆ. ಇಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ. ಅದಕ್ಕೆ ಯಾವ ಕಲಮು ಬರೆಯಬೇಕೋ ನನಗೆ ಹೊಳೆಯಲಿಲ್ಲ.

ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಹೆಂಗಸರು ಕೊಡ ಹೊತ್ತು ದೂರದ ಸೇತುವೆಯ ಕಡೆ ನಡೆದಿದ್ದರು. ಎರಡೂ ಓಣಿಯವರು ಕೂಡಿಯೇ ಹೊರಟಿದ್ದರು. ಎಲ್ಲರಿಗಿಂತ ಹಿಂದೆ ನಿಂಗವ್ವ ಇದ್ದಳು. ತಲೆಯ ಮೇಲೆ ತನ್ನ ಕೊಡ, ಸೊಂಟದಲ್ಲಿ ಹನಮವ್ವನ ಮನೆಯದು.