‘ಸೊಲ್ಲು’ ತಿದ್ದುವ ಕುರುಡುಮಲೆಯ ಅನಿತ

ಕುರುಡುಮಲೆಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಾರಸಿಯ ಮೂಲೆಯಲ್ಲಿ ನೀರಿನ ಟ್ಯಾಂಕಿಗೆ ಒರಗಿ ಕೂತ ಅನಿತ ತೊಡೆಯ ಮೇಲಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಕಪ್ಪು ಪರದೆಯ ಮೇಲೆ ಚಿತ್ರವಿಲ್ಲ, ಬಟನ್ನಿಲ್ಲ, ಬರೀ ಅಕ್ಷರ. ಹಿಂದಿನ ದಿನ ಬಂದ ದೂರುಗಳು ಒಂದರ ಕೆಳಗೊಂದು ಇಳಿಯುತ್ತವೆ. ಅನಿತರ ಮುಖ ಅರಳುತ್ತದೆ. ಯಾರೋ ತಪ್ಪು ಹಿಡಿದಿದ್ದಾರೆ ಎಂದರೆ ಯಾರೋ ಬಳಸುತ್ತಿದ್ದಾರೆ ಎಂದೇ ಅವರ ಲೆಕ್ಕ.

‘ಸೊಲ್ಲು’ ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ತಂತ್ರಾಂಶ. ಕಣ್ಣು ಕಾಣದವರೇ ಅದರ ಮುಖ್ಯ ಬಳಕೆದಾರರು. ಅವರು ಕಳಿಸುವ ದೂರು ‘ಇಶ್ಯೂ’. ಯಾರಾದರೂ ಕೋಡ್ ತಿದ್ದಿ, ಇದನ್ನು ಸೇರಿಸಿಕೊಳ್ಳಿ ಎಂದು ಕೇಳಿದರೆ ಅದು ‘ಪುಲ್ ರಿಕ್ವೆಸ್ಟ್’. ಎರಡನ್ನೂ ನೋಡಿ, ಪರೀಕ್ಷಿಸಿ, ಒಪ್ಪುವ ಅಥವಾ ಹಿಂದಿರುಗಿಸುವ ಸಂಬಳವಿಲ್ಲದ ಕೆಲಸ ಅನಿತರದು. ಎಲ್ಲವೂ ಆ ಕಪ್ಪು ಪರದೆಯ ‘ಕಮಾಂಡ್ ಲೈನಿ’ನಲ್ಲೇ. “ವೆಬ್‌ಸೈಟ್ ತೆಗೆದ್ರೆ ಚಕ್ರ ಸುತ್ತುತ್ತಾನೇ ಇರ್ತೈತೆ. ಇದ್ರಲ್ಲಾದ್ರೆ ಬರೀ ಅಕ್ಷರ ತಾನೆ, ಒಂದು ಕಡ್ಡಿ ಸಿಗ್ನಲ್ ಇದ್ರೂ ಬಂದ್ಬಿಡ್ತೈತೆ,” ಎನ್ನುತ್ತಾರೆ.

ಹಗಲು ಮುಳಬಾಗಿಲಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಆಪರೇಟರ್. ಅದಕ್ಕೂ ಮೊದಲು ತಾಯಿ ಆದಿಲಕ್ಷ್ಮಮ್ಮನ ಜೊತೆ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು. ಸೊಪ್ಪು ಕೊಯ್ಯುವಾಗ ಸುದ್ದಿ ಕೇಳಲೆಂದೇ ಅನಿತ ‘ಸೊಲ್ಲು’ ಹಾಕಿಕೊಂಡಿದ್ದು. ಅದು ಮುಳಬಾಗಿಲನ್ನು ‘ಮುಳ್ಳುಬಾಗಿಲು’ ಎಂದು ಓದಿತು. ಊರಿನ ಹೆಸರೇ ಕೆಟ್ಟಿತಲ್ಲ ಎಂದು ದೂರು ಬರೆದರು. ಉತ್ತರ ಬರಲಿಲ್ಲ. ಕಾದು ಸಾಕಾಗಿ ತಾವೇ ಕೋಡ್ ಕಲಿತು ತಿದ್ದಿ ಕಳಿಸಿದರು. ಅದನ್ನು ನೋಡಿಕೊಳ್ಳುತ್ತಿದ್ದ ಹಳಬರು ಒಬ್ಬೊಬ್ಬರಾಗಿ ಬಿಟ್ಟುಹೋದಾಗ ಹೊಣೆ ಇವರ ಮತ್ತು ಇವರಂತೆಯೇ ಕೋಡ್ ತಿದ್ದಿ ಕಳಿಸುತ್ತಿದ್ದ ಮಾಲೂರಿನ ಚಂದನಳ ಮೇಲೆ ಬಿತ್ತು. ಒಬ್ಬರ ತಿದ್ದುಪಡಿಯನ್ನು ಇನ್ನೊಬ್ಬರು ನೋಡದೆ ಸೇರಿಸುವಂತಿಲ್ಲ ಎಂಬುದು ಇಬ್ಬರೂ ಮಾಡಿಕೊಂಡ ನಿಯಮ.

ಹೋದ ಮಾರ್ಚಿನ ಒಂದು ಬೆಳಗ್ಗೆ ಆ ನಿಯಮವೇ ಅವರನ್ನು ಪರೀಕ್ಷೆಗೆ ಒಡ್ಡಿತು. ಶ್ರೀನಿವಾಸಪುರದ ಅಂಧ ಮಕ್ಕಳ ಶಾಲೆಯಿಂದ ಕದಿರೇಶ್ ಮೇಷ್ಟ್ರ ಫೋನು. ಮಕ್ಕಳಂತೆ ಅವರಿಗೂ ಕಣ್ಣು ಕಾಣದು. ಅಂದು ಅವರ ಶಾಲೆಯಲ್ಲಿ ಗಣಿತ ಪರೀಕ್ಷೆ, ಪ್ರಶ್ನೆಪತ್ರಿಕೆ ಓದಿ ಹೇಳಬೇಕಾದದ್ದು ‘ಸೊಲ್ಲು’. “ಅನಿತಮ್ಮಾ, ಎರಡು ಪಾಯಿಂಟ್ ಐದು ಅಂತ ಕೊಟ್ರೆ ಇಪ್ಪತ್ತೈದು ಅಂತೈತೆ ಇದು. ಮಕ್ಕಳು ಏನು ಬರೀಬೇಕು?”

ಹಿಂದಿನ ದಿನವಷ್ಟೇ ದಿನಾಂಕ ಓದುವ ಬಗ್ಗೆ ಬಂದಿದ್ದ ಪುಲ್ ರಿಕ್ವೆಸ್ಟ್ ಒಂದನ್ನು ಇಬ್ಬರೂ ಒಪ್ಪಿದ್ದರು. ಅದು ಅಂಕಿಗಳ ನಡುವಿನ ಚುಕ್ಕಿಯನ್ನೆಲ್ಲ ನುಂಗಿಹಾಕಿತ್ತು. ಶಾಲೆಯ ಕಂಪ್ಯೂಟರುಗಳಿಗೆ ಹೊಸ ಆವೃತ್ತಿ ತಾನಾಗಿ ಇಳಿದಿತ್ತು. ಅನಿತ ಅಲ್ಲೇ ತಾರಸಿಯಲ್ಲಿ ಕೂತು ತಪ್ಪು ಹುಡುಕಿ, ತಿದ್ದಿ ಕಳಿಸಿದರು. ಇನ್ನು ಚಂದನ ಒಪ್ಪಬೇಕು. ಆಕೆ ವೇಮಗಲ್‌ನ ಕಾರ್ಖಾನೆ ಬಸ್ಸಿನಲ್ಲಿದ್ದಳು. ಗೇಟಿನಲ್ಲಿ ಫೋನ್ ಕೊಟ್ಟು ಒಳಗೆ ಹೋದರೆ ಸಂಜೆಯವರೆಗೆ ಸಿಗುವುದಿಲ್ಲ.

ಕಣ್ಣು ಮುಚ್ಚಿ ಒಪ್ಪಿಬಿಡು ಎಂದು ಕೇಳುವ ಆಸೆ ಅನಿತರ ಬಾಯಿಯವರೆಗೂ ಬಂದಿತ್ತಂತೆ. ಚಂದನ ಬಿಡಲಿಲ್ಲ. ಬಸ್ಸಿನ ಕುಲುಕಾಟದಲ್ಲೇ ಫೋನಿನಲ್ಲಿ ಸಾಲು ಸಾಲು ಓದಿ ಕೇಳಿದಳು: “ಸೊನ್ನೆ ಪಾಯಿಂಟ್ ಐದು ಓದ್ಸಿ ನೋಡಿದ್ಯೇನೇ?” ಅನಿತ ಓದಿಸಿದರು. ‘ಐದು’ ಎಂದಿತು ಯಂತ್ರ.

ಮತ್ತೆ ತಿದ್ದಿದರು, ಮತ್ತೆ ಓದಿಸಿದರು. ಬಸ್ಸು ಕೈಗಾರಿಕಾ ಪ್ರದೇಶಕ್ಕೆ ತಿರುಗುವಷ್ಟರಲ್ಲಿ ಕಪ್ಪು ಪರದೆಯ ಮೇಲೆ ಚಂದನಳ ಒಪ್ಪಿಗೆ ಮೂಡಿತು. ಹೊಸ ಆವೃತ್ತಿ ಹೊರಟಿತು. ಕೆಳಗಿನಿಂದ ಆದಿಲಕ್ಷ್ಮಮ್ಮ, ಹುಳ ಹಸಿದು ಕೂತವೆ ಎಂದು ಕೂಗುತ್ತಲೇ ಇದ್ದರು. ಅನಿತ ಫೋನನ್ನು ಕಿವಿಗೊತ್ತಿ ನಿಂತಿದ್ದರು. ಆ ಕಡೆ ಕದಿರೇಶ್ ಮೇಷ್ಟ್ರು ಸ್ಪೀಕರಿನ ಹತ್ತಿರ ಫೋನ್ ಹಿಡಿದರು. ಎರಡು ಪಾಯಿಂಟ್ ಐದು. ಸೊನ್ನೆ ಪಾಯಿಂಟ್ ಐದು. ಹಿಂದಿನಿಂದ ಮಕ್ಕಳ ಚಪ್ಪಾಳೆ.

“ಅವತ್ತು ಸೊಪ್ಪಿನ ಮೂಟೆ ಭಾರವೇ ಆಗ್ಲಿಲ್ಲ,” ಎಂದು ಅನಿತ ನಗುತ್ತಾರೆ.

ಅಂದು ಪರೀಕ್ಷೆ ಬರೆದವರಲ್ಲಿ ಅರ್ಪಿತ ಎಂಬ ಹುಡುಗಿಯೂ ಇದ್ದಳು. ‘ಸೊಲ್ಲು’ ಪದ್ಯ ಓದುವಾಗ ಸಾಲಿನ ಕೊನೆಗೆ ಉಸಿರೇ ತೆಗೆದುಕೊಳ್ಳುವುದಿಲ್ಲ ಎಂದು ಆಕೆ ಈಚೆಗೆ ದೂರು ಕಳಿಸಿದ್ದಾಳೆ. ಅರ್ಧ ಗಂಟೆಯಲ್ಲಿ ಸರಿಪಡಿಸಬಹುದಾದ ತಪ್ಪು. ಆದರೂ ಅನಿತ ಮುಟ್ಟಿಲ್ಲ. ಕೋಡ್ ಹೇಗೆ ಬರೆಯಬೇಕೆಂದು ವಾರವಾರ ಫೋನಿನಲ್ಲಿ ಆಕೆಗೇ ಹೇಳಿಕೊಡುತ್ತಿದ್ದಾರೆ.

“ಅವಳ ಮೊದಲ್ನೇ ಪುಲ್ ರಿಕ್ವೆಸ್ಟು ನನ್ ಕೈಗೇ ಬರ್ಬೇಕು, ಅಷ್ಟೇ ಆಸೆ,” ಎನ್ನುತ್ತಾರೆ. ಆಮೇಲೆ ತುಸು ಬಿಗಿಯಾಗಿ ಸೇರಿಸುತ್ತಾರೆ: “ತಪ್ಪಿದ್ರೆ ವಾಪಸ್ ಕಳಿಸ್ತೀನಿ. ಅವಳೂ ಸುಮ್ನೆ ಬಿಡೋಳಲ್ಲ, ತಿದ್ದಿ ಮತ್ತೆ ಕಳಿಸ್ತಾಳೆ.”