ಸಾಯಬಣ್ಣನ ಅಡಿಗಲ್ಲು

ಸೇತುವೆಯ ಅಡಿಗಲ್ಲು ಸಮಾರಂಭದಲ್ಲಿ ನಿರೂಪಣೆಗೆ ನಿಂತಿದ್ದ ಗುರುಪಾದಪ್ಪ ಮಾಸ್ತರು, ಇದು ದಿವಂಗತ ಸಾಯಬಣ್ಣ ಅಂಬಿಗೇರರು ಕಂಡ ಕನಸು ಎಂದು ಮೈಕಿನಲ್ಲಿ ಗದ್ಗದಿತರಾದಾಗ, ಪೆಂಡಾಲಿನ ಕಡೆಯ ಸಾಲಿನಲ್ಲಿ ಒಬ್ಬ ಮುದುಕ ಟೋಪಿ ಸರಿಮಾಡಿಕೊಂಡ. ಅವನೇ ಸಾಯಬಣ್ಣ. ಜನ ಹೋ ಎಂದು ನಕ್ಕರು. ಜೀವಮಾನವಿಡೀ ಹಾಜರಿ ಕರೆದ ಮಾಸ್ತರು ಇದ್ದವರನ್ನು ಗೈರು ಮಾಡಿದ್ದುಂಟು. ಪೂರಾ ಸಾಯಿಸಿದ್ದು ಇದೇ ಮೊದಲು.

ಅವರೊಬ್ಬರದೇ ತಪ್ಪೆನ್ನಲಾಗದು. ಮಾಜಿ ಶಾಸಕನ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ನಾಲ್ಕು ವರ್ಷ ಕಾಣದಿದ್ದರೆ ಊರು ಅವನ ತಿಥಿಯನ್ನೂ ಮುಗಿಸಿಬಿಡುತ್ತದೆ.

ಸಾಯಬಣ್ಣ ಭೀಮಾ ನದಿಯಲ್ಲಿ ಹರಗೋಲು ನಡೆಸುತ್ತಿದ್ದವರ ಮಗ. ಎರಡು ಗೌಡಕಿ ಮನೆತನಗಳು ಟಿಕೇಟಿಗೆ ಜಗ್ಗಾಡಿ, ತಮಗಿಲ್ಲದ್ದು ಎದುರಿನವನಿಗೂ ಬೇಡವೆಂದು ಕಡೆಗೆ ಇವನನ್ನು ಒಪ್ಪಿದ್ದವು. ಗೆದ್ದರೆ ಸೇತುವೆ ತರುತ್ತೇನೆಂದ, ಗೆದ್ದ, ಅವಧಿ ಮುಗಿಯುವುದರೊಳಗೆ ಮಂತ್ರಿಯನ್ನು ಕರೆಸಿ ಅಡಿಗಲ್ಲನ್ನೂ ಹಾಕಿಸಿದ. ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಅವನ ಹೆಸರು.

ಅಂದು ಸಂಜೆ ಅವನ ಮನೆಯಲ್ಲಿ ಯಾರೂ ಸಿಹಿ ಮುಟ್ಟಲಿಲ್ಲ. ಸೇತುವೆಯಾದರೆ ಹರಗೋಲು ಯಾರಿಗೆ ಬೇಕು? ಇನ್ನೂ ಹುಟ್ಟು ಹಾಕುತ್ತಿದ್ದ ಅಣ್ಣ ಹನುಮಂತ ಬಾಗಿಲಲ್ಲೇ ನಿಂತು ಹೇಳಿದ: "ಆ ಕಲ್ಲ ಹೊಳಿ ದಂಡಿಗಿ ಇಟ್ಟಿಲ್ಲೋ ತಮ್ಮಾ. ನಮ್ಮ ಹೊಟ್ಟಿ ಮ್ಯಾಲ ಇಟ್ಟಿ."

ಸರಕಾರ ಬದಲಾಯಿತು, ಕೆಲಸ ಕಲ್ಲಿನ ಹತ್ತಿರವೇ ನಿಂತಿತು. ಮುಂದಿನ ಚುನಾವಣೆಯಲ್ಲಿ ಸೇತುವೆ ಆಗಲಿಲ್ಲವೆಂದು ಆಚೆ ದಡದವರು ಓಟು ಹಾಕಲಿಲ್ಲ. ಮತ್ತೆ ಗೆದ್ದರೆ ಮಾಡಿಯೇಬಿಟ್ಟಾನೆಂದು ಅವನ ಓಣಿಯವರೂ ಹಾಕಲಿಲ್ಲ. ಠೇವಣಿ ಹೋಯಿತು. ಅಣ್ಣ ಮಾತು ಬಿಟ್ಟ.

ಆಮೇಲೆ ಒಂದು ಮಳೆಗಾಲ, ಹೊಳೆ ಎರಡೂ ದಡ ಮೀರಿದ ದಿನ, ಸಾಯಬಣ್ಣನ ಹೆಂಡತಿ ನಾಗಮ್ಮನಿಗೆ ಎದೆ ಹಿಡಿಯಿತು. ದವಾಖಾನೆ ಆಚೆ ದಡದಲ್ಲಿ. ಯಾರೂ ಕರೆಯದೆ ಹನುಮಂತನೇ ಹರಗೋಲು ಇಳಿಸಿದ. ನಡುಹೊಳೆಯವರೆಗೆ ಹೋದ, ಸೆಳವು ಬಿಡಲಿಲ್ಲ, ತಿರುಗಿ ತಂದ. ದಡದಲ್ಲಿ ಇಳಿಸುವಾಗ ನಾಗಮ್ಮನಲ್ಲಿ ಉಸಿರಿರಲಿಲ್ಲ. ಹನುಮಂತ ಹರಗೋಲನ್ನು ಗೋಡೆಗೆ ಮಗುಚಿಟ್ಟವನು ಮತ್ತೆ ನೀರಿಗಿಳಿಸಲಿಲ್ಲ. "ನಿಂದs ಖರೆ ಇತ್ತೋ," ಎಂದಷ್ಟೇ ತಮ್ಮನಿಗೆ ಹೇಳಿದ.

ಅಂದಿನಿಂದ ಸಾಯಬಣ್ಣನಿಗೆ ಓಟೂ ಬೇಡ, ಟಿಕೇಟೂ ಬೇಡ, ಸೇತುವೆ ಒಂದೇ. ಪ್ರತಿ ಅಧಿವೇಶನಕ್ಕೂ ರೊಟ್ಟಿ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದ. ವಿಧಾನಸೌಧದ ಜವಾನರು ಬ್ರಿಜ್ ಮುತ್ಯಾ ಬಂದ ಎಂದು ಅಜ್ಜನಿಗೆ ಕುರ್ಚಿ ಕೊಡುತ್ತಿದ್ದರು. ಸಾಹೇಬರು ಒಳಗೆ ಕರೆಯುತ್ತಿರಲಿಲ್ಲ.

ಅಷ್ಟರಲ್ಲಿ ಪ್ರವಾಹಕ್ಕೆ ಉರುಳಿದ ಆ ಹಳೆಯ ಅಡಿಗಲ್ಲನ್ನು ಓಣಿಯ ಹೆಂಗಸರು ನೀರಿನಂಚಿಗೆ ಎಳೆದುಕೊಂಡು ಅದರ ಮೇಲೆ ಬಟ್ಟೆ ಒಗೆಯತೊಡಗಿದ್ದರು. ತಿಕ್ಕಿ ತಿಕ್ಕಿ ಹೆಸರೆಲ್ಲ ಸವೆದು, ಈಗ 'ಮಾನ್ಯ' ಎಂಬುದಷ್ಟೇ ಓದಲು ಬರುತ್ತದೆ.

ಈ ಎರಡನೇ ಅಡಿಗಲ್ಲಿನ ಸಮಾರಂಭ ಮುಗಿದು ಹೊಸ ಶಾಸಕರ ಕಾರುಗಳು ಧೂಳೆಬ್ಬಿಸಿ ಹೋದ ಮೇಲೆ, ಮಾಸ್ತರು ಕ್ಷಮೆ ಕೇಳಲು ಸಾಯಬಣ್ಣನನ್ನು ಹುಡುಕಿದರು. ಮುದುಕ ಹೊಸ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಮೈಮೇಲೆ ಅಂಗೈ ಆಡಿಸುತ್ತಿದ್ದ. ಕ್ಷಮೆ ಬಿಟ್ಟು ಮಾಸ್ತರು ಬೇರೆಯೇ ಕೇಳಿದರು:

"ಮುತ್ಯಾ, ಈ ಸಲರೆ ಬ್ರಿಜ್ ಆಗ್ತದೇನ್ರಿ?"

ಸಾಯಬಣ್ಣ ಕಲ್ಲಿನ ಅಗಲವನ್ನು ಗೇಣು ಹಾಕಿ ನೋಡಿದ.

"ಕಲ್ಲ ಛಲೋ ಅದ ಮಾಸ್ತರೆ. ಹಿಂದಿಂದಕ್ಕಿಂತ ಅಗಲ ಅದ. ಇಬ್ಬರು ಕೂಡೇ ಒಗಿಬಹುದು."